ರಕ್ಷಣಾ ಬಜೆಟ್ಟಿನೊಳಗೆ ಎರಡು ಚೀಲ ಮಂಡಕ್ಕಿ

ನಮ್ಮ ಊರಿನ ಮೇಲೆ ಯಾರೂ ಬಾಂಬು ಹಾಕುವುದಿಲ್ಲ ಎಂದು ಗೊತ್ತಾದ ದಿನ ನಮ್ಮ ಲೇಔಟಿನ ಜನಕ್ಕೆ ಆದ ಅವಮಾನ ಅಷ್ಟಿಷ್ಟಲ್ಲ. ಟೀವಿಯಲ್ಲಿ ಸುದ್ದಿ ಬರುತ್ತಿತ್ತು. ದೇಶದ ಅಲ್ಲಲ್ಲಿ ಸೈರನ್ ಕೂಗಿಸುತ್ತಾರಂತೆ, ದೀಪ ಆರಿಸುತ್ತಾರಂತೆ, ಆಕಾಶದಿಂದ ದಾಳಿಯಾದರೆ ಜನ ಏನು ಮಾಡಬೇಕು ಎಂದು ಅಣಕು ತಾಲೀಮು ಮಾಡಿಸುತ್ತಾರಂತೆ. ಊರುಗಳ ಹೆಸರು ಪರದೆಯ ಕೆಳಗೆ ಓಡುತ್ತಿದ್ದವು. ದಾವಣಗೆರೆ ಬರಲೇ ಇಲ್ಲ. ನಮ್ಮ ಲೇಔಟ್ ಸಂಘದ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾದವರು, ಹೆಂಡತಿಯ ಬ್ಲೌಸು ಒಯ್ಯಲು ನನ್ನ ಹೊಲಿಗೆ ಅಂಗಡಿಗೆ ಬಂದವರು ಬಾಗಿಲಲ್ಲೇ ನಿಂತು ಹಲ್ಲು ಕಡಿದರು.

“ಅಲ್ರೀ, ನಮ್ಮೂರಾಗೆ ಏನು ಕಮ್ಮಿ ಐತೆ? ಕಾಲೇಜಿಲ್ವಾ? ರೈಲಿಲ್ವಾ? ಬೆಣ್ಣೆ ದೋಸೆ ಇಲ್ವಾ? ನಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ಲಲ್ರೀ!”

“ಬೆಣ್ಣೆ ದೋಸೆ ಮ್ಯಾಲೆ ಯಾರು ಬಾಂಬ್ ಹಾಕ್ತಾರ್ರಿ?” ಎಂದೆ ನಾನು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

“ನೀವು ಹಿಂಗೆ ಅಂತೀರಿ ಅಂತಲೇ ನಮ್ಮ ಹೆಸರು ಬರಲಿಲ್ಲ” ಎಂದು ನನ್ನ ಮೇಲೇ ಹಾರಿದರು. ಸರ್ಕಾರ ಮಾಡದಿದ್ದರೆ ಬೇಡ, ನಾವೇ ತಾಲೀಮು ಮಾಡುತ್ತೇವೆ, ನಾವೇ ಒಂದು ರಕ್ಷಣಾ ದಳ ಕಟ್ಟುತ್ತೇವೆ ಎಂದು ಬ್ಲೌಸನ್ನು ಮರೆತು ಹೋದರು. ಆ ಬ್ಲೌಸಿಗಾಗಿ ಅವರ ಹೆಂಡತಿ ಮೂರು ಸಲ ಫೋನು ಮಾಡಿದರು.

ನಮ್ಮದು ಶಾಮನೂರಿನ ಅಂಚಿನ ಹೊಸ ಲೇಔಟು. ಮುಂದೆ ಬಸ್ಸು ಓಡಾಡುವ ರಸ್ತೆ, ಹಿಂದೆ ಭತ್ತದ ಗದ್ದೆ. ನಡುವೆ ಎರಡು ಬೀದಿ, ಒಂದು ಪಾರ್ಕು, ಮತ್ತು ಲೆಕ್ಕವಿಲ್ಲದಷ್ಟು ಸೊಳ್ಳೆ. ಇಂಥ ಜಾಗದಲ್ಲಿ ರಕ್ಷಣಾ ದಳ ಎಂದ ಕೂಡಲೇ ಎಲ್ಲರ ಕಣ್ಣು ನಮ್ಮ ಮನೆಯ ಕಡೆ ತಿರುಗಿತು. ಏಕೆಂದರೆ ನಮ್ಮ ಮನೆಯಲ್ಲಿ ಮಿಲಿಟ್ರಿಯಿಂದ ನಿವೃತ್ತರಾಗಿ ಬಂದ ನನ್ನ ಮಾವ ಇದ್ದಾರೆ. ಗಂಡನ ತಂದೆ. ಹುರಿಮಾಡಿದ ಮೀಸೆ, ಕಂಕುಳಲ್ಲಿ ಬೆತ್ತ, ಬೆಳಗಾದರೆ ಪಾರ್ಕಿನ ಸುತ್ತ ಕವಾಯತಿನ ನಡಿಗೆ. ಚಿಕ್ಕ ಮಕ್ಕಳೆಲ್ಲ ಅವರನ್ನು ಮಿಲಿಟ್ರಿ ಅಜ್ಜ ಎನ್ನುತ್ತವೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಮಾವ ಮಿಲಿಟ್ರಿಯಲ್ಲಿ ಅಡಿಗೆಯವರಾಗಿದ್ದರು. ಹಿಮ ಬೀಳುವ ಗಡಿಯಲ್ಲೇ ಇದ್ದರು, ಅದು ಸುಳ್ಳಲ್ಲ. ಆದರೆ ಅಲ್ಲಿ ಅವರ ಕೈಯಲ್ಲಿದ್ದದ್ದು ಬಂದೂಕಲ್ಲ, ಸೌಟು. ಸೈನಿಕರ ಅಡಿಗೆಮನೆಗೆ ಅಲ್ಲಿ ಲಂಗರ್ ಎನ್ನುತ್ತಾರಂತೆ. ಇಡೀ ಸರ್ವೀಸನ್ನು ಅವರು ಲಂಗರಿನಲ್ಲೇ ಕಳೆದರು. ಮಾವ ಯಾರಿಗೂ ಸುಳ್ಳು ಹೇಳಿದವರಲ್ಲ. ಜನ “ಗಡಿಯೊಳಗಿದ್ರಂತೆ” ಎಂದಾಗ “ಹೂಂ” ಎಂದರು, ಅಷ್ಟೇ. ಆ ಒಂದು ಹೂಂ ಎಲ್ಲಿಯವರೆಗೆ ಬೆಳೆಯಿತು ಎಂದರೆ, ನನ್ನ ಮದುವೆಯ ನಿಶ್ಚಿತಾರ್ಥದ ದಿನ ನನ್ನ ಅಪ್ಪಾಜಿ ಹರಿಹರದ ಅಷ್ಟೂ ನೆಂಟರ ಮುಂದೆ ಎದ್ದು ನಿಂತು, “ನನ್ನ ಮಗಳನ್ನ ಬಂದೂಕು ಹಿಡಿದು ದೇಶ ಕಾಯ್ದವರ ಮನಿಗೆ ಕೊಡ್ತಿದೀನಿ” ಎಂದು ಗಳಗಳನೆ ಅತ್ತರು. ಅಳುವ ಬೀಗರಿಗೆ “ಅಲ್ರೀ, ನಾನು ಬ್ಯಾಳಿ ಬೇಯಿಸ್ತಿದ್ದೆ” ಎಂದು ಹೇಳುವ ಎದೆ ಮಾವನಿಗೆ ಆಗಲಿಲ್ಲ. ಮರುದಿನ ಹೇಳೋಣ ಎಂದುಕೊಂಡರಂತೆ. ಮರುದಿನ ಅಪ್ಪಾಜಿ ಹಾರ ತಂದರು.

ಆಮೇಲೆ ಅದು ನಮ್ಮ ಮನೆಯ ಗುಟ್ಟಾಯಿತು. ಮದುವೆಯಾಗಿ ಬಂದ ಹೊಸದರಲ್ಲೇ ಮಾವ ನನ್ನನ್ನು ಅಡಿಗೆಮನೆಗೆ ಕರೆದು, “ನೋಡವ್ವ, ನನಗೆ ಒಲಿ ಮುಂದೆ ನಿಲ್ಲದಿದ್ರೆ ದಿನ ಹೋಗಲ್ಲ. ಅಡಿಗಿ ನಾನು ಮಾಡ್ತೀನಿ. ಬೀಗರು ಬಂದಾಗ ಮಾತ್ರ ಮಾಡಿದ್ದು ನೀನು ಅನ್ನು” ಎಂದರು. ನನಗೆ ಅಡಿಗೆ ಎಂದರೆ ಅಷ್ಟಕ್ಕಷ್ಟೇ, ಮಿಷನ್ನಿನ ಮುಂದೆ ಕೂತರೆ ಮಾತ್ರ ನನಗೆ ಜೀವ. ನಾನು ಯಾಕೆ ಬೇಡ ಎನ್ನಲಿ? ಅವ್ವ ತೀರಿಕೊಂಡ ಮೇಲೆ ಹರಿಹರದಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅಪ್ಪಾಜಿ ಪ್ರತಿ ಭಾನುವಾರ ಬಸ್ಸು ಹತ್ತಿ ನಮ್ಮಲ್ಲಿಗೆ ಊಟಕ್ಕೆ ಬರತೊಡಗಿದರು. ಮಾವ ಹೊತ್ತಿಗೆ ಮುಂಚೆ ಅಡಿಗೆ ಮುಗಿಸಿ, ಕೈ ತೊಳೆದು, ಮೀಸೆ ತಿರುವಿ, ಪಡಸಾಲೆಯಲ್ಲಿ ಬೆತ್ತ ಹಿಡಿದು ಕೂತುಬಿಡುತ್ತಿದ್ದರು. ಅಪ್ಪಾಜಿಯ ಹಲ್ಲು ಸಡಿಲ ಎಂದು ರೊಟ್ಟಿಯನ್ನು ಬೇರೆಯಾಗಿ ಮೆತ್ತಗೆ ಮಾಡಿಟ್ಟಿರುತ್ತಿದ್ದರು. ಅಪ್ಪಾಜಿ ಉಂಡು, “ಯವ್ವಾ, ನೀನು ಎಲ್ಲದಕ್ಕೂ ಓಂಕಾಳು ತಿಕ್ಕಿ ಹಾಕ್ತೀಯಲ್ಲ, ಎಲ್ಲಿ ಕಲ್ತಿ? ನಿಮ್ಮವ್ವನೂ ಹಾಕ್ತಿರ್ಲಿಲ್ಲ” ಎಂದು ಬೆರಳು ನೆಕ್ಕುತ್ತಿದ್ದರು. ಹಿಮದಲ್ಲಿ ಹೊಟ್ಟೆ ಬೆಚ್ಚಗಿರಲಿ ಎಂದು ಮಾವ ಕಲಿತ ಚಟ ಅದು. ಅವರನ್ನು ಬಿಟ್ಟರೆ ಪಾಯಸಕ್ಕೂ ಓಂಕಾಳು ಹಾಕುವವರೇ.

ಅಪ್ಪಾಜಿಯೂ ಕಡಿಮೆಯವರಲ್ಲ. ಹರಿಹರದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯಾಗಿ ಬದುಕು ಸವೆಸಿದವರು. ಅವರ ಪ್ರಕಾರ ಈ ಜಗತ್ತಿನಲ್ಲಿ ಬಿಚ್ಚಿ ನೋಡದ ಚೀಲ ಎಲ್ಲವೂ ಅನುಮಾನಾಸ್ಪದ. ನಮ್ಮ ಲೇಔಟಿನಲ್ಲಿ ದಳ ಕಟ್ಟುತ್ತಾರೆ ಎಂದು ಕೇಳಿದ್ದೇ ತಡ, ಭಾನುವಾರದ ಊಟದಲ್ಲಿ ಜಗಳ ತೆಗೆದರು.

“ದಾವಣಗೆರೆಗೆ ಯಾಕ ಬರ್ತಾರೆ ವೈರಿಗಳು? ಬಂದ್ರೆ ಮೊದಲು ಹರಿಹರಕ್ಕೇ ಬರ್ತಾರೆ. ನಮ್ಮಲ್ಲಿ ಹೊಳಿ ಐತೆ, ಸೇತುವಿ ಐತೆ, ಕಾರ್ಖಾನಿ ಐತೆ.”

“ಬೀಗರೆ, ನಿಮ್ಮ ಗುಂಡಿ ಬಿದ್ದ ಸೇತುವಿ ಮ್ಯಾಲೆ ಮೊದಲು ನಮ್ಮ ಬಸ್ಸು ದಾಟಲಿ. ಆಮೇಲೆ ವೈರಿ ವಿಚಾರ” ಎಂದರು ಮಾವ.

ಯಾರ ಊರಿನ ಮೇಲೆ ಮೊದಲು ಬಾಂಬು ಬೀಳಬೇಕು ಎಂದು ಇಬ್ಬರು ಮುದುಕರು ಹೋಳಿಗೆ ಮುಂದಿಟ್ಟುಕೊಂಡು ಕಿತ್ತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಗಂಡ ಇಂಥ ಹೊತ್ತಿನಲ್ಲಿ ಎದ್ದು ಹೋಗಿ ಬೈಕು ಒರೆಸುತ್ತಾರೆ. ಹೋಗುವಾಗ ಅಪ್ಪಾಜಿ, ತಾಲೀಮಿನ ದಿನ ತಾವೇ ಬಂದು ಪರೀಕ್ಷೆ ಮಾಡುವುದಾಗಿ ಸಾರಿ ಹೋದರು. ಮಾವ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. “ಎಲ್ಲರ ಮುಂದೆ ಬೀಗರು ಏನಾದ್ರೂ ಕೇಳಿಬಿಟ್ರೆ? ಬಂದೂಕಿನ ವಿಚಾರ ಕೇಳಿದ್ರೆ ನನಗೇನು ಗೊತ್ತೈತವ್ವ? ಈ ವಯಸ್ಸಿನಾಗೆ ಬೀಗರ ಕಣ್ಣಾಗೆ ಸಣ್ಣವನಾಗೋದು ನನ್ನ ಕೈಲಿ ಆಗಲ್ಲ” ಎಂದರು. ಅಧ್ಯಕ್ಷರಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಇನ್ನು ದುಡ್ಡಿನ ಕಥೆ. ನಮ್ಮ ಕಡೆ ಯಾವ ಕೆಲಸಕ್ಕೂ ಹಣ ಕೂಡಿಸುವ ದಾರಿ ಒಂದೇ, ಮನೆಮನೆಗೆ ಹೋಗಿ ಪಟ್ಟಿ ಎತ್ತುವುದು. ದೇಶರಕ್ಷಣೆಗೂ ಹಾಗೇ ಎತ್ತಿದರು. ಹೊಸ ರಸೀದಿ ಪುಸ್ತಕಕ್ಕೆ ಯಾಕೆ ಖರ್ಚು ಎಂದು ಗಣಪತಿ ಹಬ್ಬದಲ್ಲಿ ಉಳಿದಿದ್ದ ರಸೀದಿಗಳನ್ನೇ ಹರಿದು ಕೊಟ್ಟರು. ಹಬ್ಬದ ಅಭ್ಯಾಸಕ್ಕೆ ಹುಡುಗರು ತಮಟೆಯನ್ನೂ ಬಾರಿಸಿಕೊಂಡು ಬಂದರು. ಕೊನೆಯ ಮನೆಯ ಅಜ್ಜಿಯೊಬ್ಬರು, “ಈ ಸಲ ಗಣಪ ಬೇಸಿಗಿಯಾಗೇ ಬಂದ್ನೇನಪ್ಪಾ?” ಎಂದು ಕೈಮುಗಿದು ದಕ್ಷಿಣೆ ಕೊಟ್ಟು, ಪ್ರಸಾದಕ್ಕೆ ಕಾದರು.

ಬಜೆಟ್ ಸಭೆ ಅಧ್ಯಕ್ಷರ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ನಡೆಯಿತು. ಅಷ್ಟರಲ್ಲಾಗಲೇ ದಳ ಎರಡು ಕಮಾಂಡುಗಳಾಗಿ ಒಡೆದಿತ್ತು. ಗದ್ದೆಯ ಕಡೆಯ ಬೀದಿಯವರು ಪೂರ್ವ ಕಮಾಂಡು, ರಸ್ತೆಯ ಕಡೆಯವರು ಪಶ್ಚಿಮ ಕಮಾಂಡು. ಭಯೋತ್ಪಾದಕರು ಬಂದರೆ ಗದ್ದೆಯ ಬದುವಿನ ಮೇಲೇ ಬರುವುದು, ಆದ್ದರಿಂದ ಹೆಚ್ಚಿನ ಹಣ ನಮಗೇ ಬೇಕು ಎಂದು ಪೂರ್ವದವರು. ಕೆಸರಿನಲ್ಲಿ ಯಾಕೆ ಬರುತ್ತಾರೆ, ಸೀದಾ ಸಿಟಿ ಬಸ್ಸಿಗೆ ಬರುತ್ತಾರೆ ಎಂದು ಪಶ್ಚಿಮದವರು. ಬಸ್ಸಿಗೆ ಬರುವವರು ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆ ಎಂಬುದರ ಮೇಲೇ ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಎರಡೂ ಕಮಾಂಡಿಗೆ ಸಮಪಾಲು, ಎರಡಕ್ಕೂ ಮೇಲೆ ಒಬ್ಬ ಮುಖ್ಯ ಕಮಾಂಡರು, ಅವರು ಮಿಲಿಟ್ರಿ ಅಜ್ಜ ಎಂದು ತೀರ್ಮಾನವಾಯಿತು. ಚಪ್ಪಾಳೆ ಬಿತ್ತು. ಮಾವನ ಮುಖ ಬೆವೆತಿತ್ತು.

“ಯಜಮಾನ್ರೆ, ಮೊದಲು ಏನೇನು ಬೇಕು ಹೇಳ್ರಿ. ಬೈನಾಕ್ಯುಲರ್ ತರ್ಸಣಾ?” ಎಂದರು ಅಧ್ಯಕ್ಷರು.

ಮಾವ ಗಂಟಲು ಸರಿಮಾಡಿಕೊಂಡರು. “ಮೊದಲು ಒಂದು ದೊಡ್ಡ ಬೋಗುಣಿ. ಎರಡು ಸೌಟು. ಒಂದು ಮೂಟಿ ಈರುಳ್ಳಿ. ಉಪ್ಪು, ಎಣ್ಣಿ, ಓಂಕಾಳು.”

ನಾನು ಬೇಕೆಂದೇ ಕೆಮ್ಮಿದೆ.

“ಯಜಮಾನ್ರೆ, ಇದು ದೇಶರಕ್ಷಣಿ. ಮದುವಿ ಅಲ್ಲ” ಎಂದರು ಅಧ್ಯಕ್ಷರು.

“ಹಾಂ… ಅದು… ಗಾಯ ಆದವರಿಗೆ” ಎಂದರು ಮಾವ. ಈರುಳ್ಳಿಯಿಂದ ಯಾವ ಗಾಯ ವಾಸಿಯಾಗುತ್ತದೆ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ದಿನಸಿಯ ಬಾಬ್ತು ಪೂರ್ತಿ ಕತ್ತರಿಸಿದರು. ಆದರೆ ತಾಲೀಮಿಗೆ ಮುಂಚೆ ಒಂದು ಉದ್ಘಾಟನೆ ಆಗಬೇಕಲ್ಲ? ಅದಕ್ಕೆ ಪೆಂಡಾಲು, ಮೈಕು, ಶಾಲು, ಹಾರ, ಮತ್ತು ಉದ್ಘಾಟನೆ ಎಂದ ಮೇಲೆ ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಹೇಗೆ? ಎರಡು ಚೀಲ ಮಂಡಕ್ಕಿ, ಅದಕ್ಕೆ ಬೇಕಾದ ಈರುಳ್ಳಿ, ಖಾರ, ಪುಟಾಣಿ ಹಿಟ್ಟು ಎಲ್ಲಾ ಒಂದೇ ಏಟಿಗೆ ಪಾಸಾಯಿತು. ಒಬ್ಬರೂ ಪ್ರಶ್ನೆ ಎತ್ತಲಿಲ್ಲ. ಪೂರ್ವ ಪಶ್ಚಿಮ ಎರಡೂ ಒಂದಾದದ್ದು ಆ ಒಂದು ವಿಷಯಕ್ಕೆ ಮಾತ್ರ.

ಉಳಿದ ಚಿಲ್ಲರೆ ಹಣ ಸಮವಸ್ತ್ರಕ್ಕೆ ಎಂದು ನನ್ನ ತಲೆಗೆ ಕಟ್ಟಿದರು. ಅಷ್ಟರಲ್ಲಿ ಕರ್ಚೀಫು ಹೊಲಿಯಬಹುದಿತ್ತು, ಅಂಗಿ ಅಲ್ಲ. ಯಾವುದೋ ಶಾಲೆಯವರು ಬಣ್ಣ ಬದಲಿಸಿದ್ದರಿಂದ ನನ್ನಲ್ಲಿ ಉಳಿದುಹೋಗಿದ್ದ ನೀಲಿ ಚೌಕುಳಿ ಬಟ್ಟೆ ತೆಗೆದೆ. ಬಟ್ಟೆ ಸಾಲುವುದಿಲ್ಲ ಎಂದಾಗ ಅಧ್ಯಕ್ಷರೇ, “ಜೇಬು ಬ್ಯಾಡ್ರಿ, ಜೇಬಿನ ಮುಚ್ಚಳ ಹೊಲೀರಿ ಸಾಕು. ನೋಡಾಕೆ ಜೇಬಿನಂಗೆ ಕಂಡ್ರೆ ಆಯ್ತು” ಎಂದರು. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಹೇಳಿದಂತೆ ಹೊಲಿದೆ. ಹೊಟ್ಟೆ ಬಂದ ಗಂಡಸರೆಲ್ಲ ಹಾಕಿಕೊಂಡು ಸಾಲಾಗಿ ನಿಂತಾಗ ಐದನೇ ಕ್ಲಾಸಿನಲ್ಲಿ ತುಂಬಾ ವರ್ಷ ಫೇಲಾದವರ ಹಾಗೆ ಕಂಡರು.

ತಾಲೀಮಿನ ಸಂಜೆ ದಳದವರು ಮಾಡಿದ ಮೊದಲ ಸಾಹಸವೆಂದರೆ ನನ್ನ ಅಪ್ಪಾಜಿಯನ್ನು ಹಿಡಿದದ್ದು. ಹರಿಹರದ ಬಸ್ಸಿಳಿದು ಕೈಯಲ್ಲಿ ಚೀಲ ಹಿಡಿದು ಬರುತ್ತಿದ್ದವರನ್ನು ಪಶ್ಚಿಮ ಕಮಾಂಡಿನ ಇಬ್ಬರು ಲೇಔಟಿನ ಬಾಯಲ್ಲೇ ತಡೆದು, “ಯಾರ್ರಿ ನೀವು? ಚೀಲದಾಗೆ ಏನೈತ್ರಿ ದುಂಡಗೆ?” ಎಂದರು. ಜೀವಮಾನವಿಡೀ ಬೇರೆಯವರ ಚೀಲ ಬಿಚ್ಚಿಸಿದ ಮನುಷ್ಯನಿಗೆ ತನ್ನ ಚೀಲ ಬಿಚ್ಚುವುದೆಂದರೆ ಪ್ರಾಣಹೋದಷ್ಟು ಅವಮಾನ. ಬಿಚ್ಚಲಿಲ್ಲ. ಎಳೆದಾಟದಲ್ಲಿ ಚೀಲ ಹರಿದು ಒಂದು ಸಿಹಿಗುಂಬಳಕಾಯಿ ಉರುಳಿ ಚರಂಡಿಗೆ ಬಿತ್ತು. ಮಗಳ ಮನೆಗೆಂದು ತಂದದ್ದು. ಅಪ್ಪಾಜಿ ಕೆಂಡವಾಗಿ ಪಾರ್ಕಿನ ಪೆಂಡಾಲಿಗೆ ಬಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಮಾವನ ಕಡೆ ನೋಡಿದ ನೋಟದಲ್ಲೇ ನನಗೆ ಗೊತ್ತಾಯಿತು, ಇವತ್ತು ಇವರು ಸುಮ್ಮನೆ ಬಿಡುವುದಿಲ್ಲ.

ನಿಯಮ ಸರಳವಾಗಿತ್ತು. ಸೈರನ್ ಒಂದು ಸಲ ಕೂಗಿದರೆ ಎಲ್ಲರೂ ದೀಪ, ಒಲೆ ಆರಿಸಿ ಒಳಗೆ ಕೂರಬೇಕು. ಎರಡನೇ ಸಲ ಕೂಗಿದರೆ ಅಪಾಯ ಮುಗಿದಂತೆ. ಅಲ್ಲಿಯವರೆಗೆ ಬೆಂಕಿಕಡ್ಡಿ ಗೀರುವಂತಿಲ್ಲ, ಮೊಬೈಲ್ ಕೂಡ ಬೆಳಗುವಂತಿಲ್ಲ. ಮಾವ ಮೈಕಿನಲ್ಲಿ ಇದನ್ನು ನಡುಗುವ ದನಿಯಲ್ಲಿ ಓದಿ ಹೇಳಿದರು. ಕತ್ತಲಾಗುತ್ತಿದ್ದಂತೆ ಮೈಕಿನವನು ಸೈರನ್ ಹಾಕಿದ. ಅವನ ಪೆನ್‌ಡ್ರೈವಿನಲ್ಲಿ ಸೈರನ್ನಿನ ಹಿಂದೆಯೇ ಭಕ್ತಿಗೀತೆ ಇತ್ತು, ಅದೂ ತಾನಾಗಿ ಶುರುವಾಯಿತು. ಪ್ರಸಾದಕ್ಕೆ ಕಾದಿದ್ದ ಅಜ್ಜಿ ಹಣ್ಣುಕಾಯಿ ತಟ್ಟೆ ಹಿಡಿದು ಹೊರಗೆ ಬಂದರು. ಅಷ್ಟರಲ್ಲಿ ಅಧ್ಯಕ್ಷರು ಬೀದಿದೀಪದ ಪೆಟ್ಟಿಗೆಯ ಸ್ವಿಚ್ಚು ಇಳಿಸಿ, ಯಾರೂ ಮುಟ್ಟದಿರಲಿ ಎಂದು ಬೀಗ ಜಡಿದು, ಕೀಲಿಯನ್ನು ಠೀವಿಯಿಂದ ಎದೆಯ ಮೇಲಿನ ಜೇಬಿಗೆ ಹಾಕಿಕೊಂಡರು.

ಜೇಬು ಎಲ್ಲಿತ್ತು? ಮುಚ್ಚಳ ಇತ್ತು.

ಕೀಲಿ ಕತ್ತಲಲ್ಲಿ ಹುಲ್ಲಿಗೆ ಬಿತ್ತು. ಮೈಕಿಗೂ ಅದೇ ಪೆಟ್ಟಿಗೆಯಿಂದ ಕರೆಂಟು ಹೋಗುತ್ತಿದ್ದದ್ದರಿಂದ ಭಕ್ತಿಗೀತೆಯೂ ನಡುವೆಯೇ ನಿಂತಿತು. ಅಂದರೆ ಎರಡನೇ ಸೈರನ್ ಕೂಗುವಂತಿಲ್ಲ. ಅದು ಕೂಗದೆ ದೀಪ ಹಚ್ಚುವಂತಿಲ್ಲ. ದೀಪ ಹಚ್ಚದೆ ಕೀಲಿ ಸಿಗುವಂತಿಲ್ಲ. ಅಧ್ಯಕ್ಷರು ನೆಲದ ಮೇಲೆ ಅಂಬೆಗಾಲಿಟ್ಟು ತಡಕಾಡುತ್ತಾ, “ಎಂಥಾ ಅಂಗಿ ಹೊಲಿದೀರಮ್ಮಾ!” ಎಂದು ನನ್ನನ್ನು ಬೈದರು. “ಎಂಥಾ ಬಜೆಟ್ ಕೊಟ್ಟಿದ್ರಿ ಸ್ವಾಮಿ!” ಎಂದು ನಾನೂ ಬಿಟ್ಟುಕೊಡಲಿಲ್ಲ.

ಅತ್ತ ಜನ ಒಳಗೆ ಕೂತಿದ್ದರೇ? ಎಲ್ಲಿ ಬಂತು! ಕರೆಂಟು ಹೋದರೆ ಹೊರಗೆ ಬಂದು ಕಟ್ಟೆಯ ಮೇಲೆ ಕೂರುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದದ್ದು. ಕಾಲುಗಳು ತಾವೇ ಹೊರಗೆ ತಂದವು. ಚಾಪೆ ಬಂತು, ಬೀಸಣಿಗೆ ಬಂತು, ಕೂಸುಗಳು ಬಂದವು. ಎರಡೂ ಬೀದಿ ಪಾರ್ಕಿನ ಸುತ್ತ ನೆರೆದವು. ಆಕಾಶದಿಂದ ನೋಡುವ ವೈರಿ ಯಾರಾದರೂ ಇದ್ದಿದ್ದರೆ ಅವನಿಗೆ ಇದಕ್ಕಿಂತ ಅನುಕೂಲ ಬೇರೆ ಇರಲಿಲ್ಲ. “ಕರೆಂಟ್ ಯಾವಾಗ ಬರ್ತೈತೋ” ಎಂದು ಒಬ್ಬರು ನಿಟ್ಟುಸಿರು ಬಿಟ್ಟರು. ತಾವೇ ಮನೆಯ ಮೇನ್ ಸ್ವಿಚ್ಚು ಇಳಿಸಿ ಬಂದದ್ದು ಅವರಿಗೆ ನೆನಪೇ ಇರಲಿಲ್ಲ.

ಮೊದಮೊದಲು ನಗು. ಆಮೇಲೆ ಸೊಳ್ಳೆ. ಆಮೇಲೆ ಹಸಿವು. ಯಾರ ಮನೆಯಲ್ಲೂ ಒಲೆ ಹಚ್ಚಿಲ್ಲ, ಮಿರ್ಚಿ ಕರಿಯುವ ಬಾಣಲೆಯೂ ತಣ್ಣಗಿದೆ. ಮಕ್ಕಳು ರಾಗ ಎಳೆದವು. ಪೂರ್ವ ಕಮಾಂಡಿನವರು ದೀಪ ಹಾಕಿ ಎಂದರು, ಪಶ್ಚಿಮದವರು ಕಮಾಂಡರು ಹೇಳದೆ ಹಾಕುವಂತಿಲ್ಲ ಎಂದರು, ಮಾತಿಗೆ ಮಾತು ಬೆಳೆಯಿತು. ಆಗ ಅಪ್ಪಾಜಿಯ ದನಿ ಎಲ್ಲರಿಗೂ ಕೇಳುವಂತೆ ಬಂತು.

“ಏನ್ ಬೀಗರೆ, ಗಡಿಯಾಗೂ ಹಿಂಗೇ ನಡೆಸ್ತಿದ್ರೇನು?”

ಜನ ಕಿಸಕ್ಕೆಂದರು. ನಾನು ಮಾವನ ಪಕ್ಕದಲ್ಲೇ ಇದ್ದೆ. ಕತ್ತಲಲ್ಲಿ ಮುಖ ಕಾಣದಿದ್ದರೂ ಉಸಿರು ಕೇಳುತ್ತಿತ್ತು. ನನಗೆ ಅಳು ಬಂತು. ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು.

“ಯವ್ವಾ, ಮಂಡಕ್ಕಿ ಚೀಲ ಎಲ್ಲಿ ಅದಾವು?”

“ಬ್ಯಾಡ ಮಾವ. ಅಪ್ಪಾಜಿ ಇಲ್ಲೇ ಅದಾರೆ.”

“ಹುಡ್ರು ಹಸ್ಕಂಡು ಅಳಾಕತ್ಯಾವಲ್ಲ. ಮಂಡಕ್ಕಿಗೆ ಬೆಂಕಿ ಬ್ಯಾಡ, ಬೆಳಕು ಬ್ಯಾಡ. ಈ ಕತ್ತಲಾಗೆ ಯಾರು ಕಲಸಿದ್ರು ಅಂತ ಯಾರಿಗೆ ಕಾಣ್ತೈತಿ?”

ಮಾವ ಪೆಂಡಾಲಿನ ಹಿಂದೆ ಹೋಗಿ ಕೂತರು. ನನ್ನ ಅತ್ತೆ ನಮ್ಮ ಮನೆಯಿಂದ ದೊಡ್ಡ ಬೋಗುಣಿಯನ್ನೂ ಈಳಿಗೆಮಣೆಯನ್ನೂ ತಡಕಾಡಿ ತಂದುಕೊಟ್ಟರು. ಆ ಕತ್ತಲಲ್ಲಿ ಈರುಳ್ಳಿ ಹೆಚ್ಚುವ ಸದ್ದು ಮಳೆ ಹನಿಯ ಹಾಗೆ ಒಂದೇ ಸಮನೆ ಬಂತು, ಬೆರಳು ಹೇಗೆ ಉಳಿಯಿತೋ ನಾನರಿಯೆ. ಹಸಿಮೆಣಸಿನಕಾಯಿ, ಕೊತ್ತಂಬರಿ, ಎಣ್ಣೆ, ಪುಟಾಣಿ ಹಿಟ್ಟು, ಲಿಂಬೆಹಣ್ಣು. ಮೊದಲು ಬೇಕಾದ್ದನ್ನೆಲ್ಲ ಪಿಸುಮಾತಿನಲ್ಲಿ ಕೇಳುತ್ತಿದ್ದ ಮಾವ ಕೈ ಬಿಸಿಯಾದಂತೆ ತಮ್ಮನ್ನು ತಾವೇ ಮರೆತರು. “ಪ್ಯಾಜ್ ಲಾವ್! ಜಲ್ದಿ ಜಲ್ದಿ! ನಮಕ್ ಕಿದರ್ ಹೈ?” ಎಂದು ಈರುಳ್ಳಿಗೂ ಉಪ್ಪಿಗೂ ಲಂಗರಿನ ಹಿಂದಿಯಲ್ಲಿ ಗದರತೊಡಗಿದರು. ಮೈಕಿನಲ್ಲಿ ನಡುಗುತ್ತಿದ್ದ ಆ ದನಿಯೇ ಇದು ಎಂದರೆ ಯಾರೂ ನಂಬುವಂತಿರಲಿಲ್ಲ, ಮುಂದಿನ ಸಾಲಿನಲ್ಲಿದ್ದ ಅಪ್ಪಾಜಿಗೂ ಗುರುತು ಹತ್ತಲಿಲ್ಲ. ಪೂರ್ವದವರೂ ಪಶ್ಚಿಮದವರೂ ಹೇಳದೆಯೇ ಸಾಲಾಗಿ ನಿಂತು ಪೇಪರಿನ ಮೇಲೆ ಮಂಡಕ್ಕಿ ದಾಟಿಸಿದರು. ಆ ಸಂಜೆ ದಳದವರು ಸರಿಯಾಗಿ ಪಾಲಿಸಿದ ಆಜ್ಞೆ ಎಂದರೆ ಅದೊಂದೇ. ಅಳು ನಿಂತಿತು, ಜಗಳ ನಿಂತಿತು. ಕರುಂ ಕುರುಂ ಎಂಬ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಾನು ಉಸಿರು ಬಿಡುವಷ್ಟರಲ್ಲಿ ಅಪ್ಪಾಜಿ ಎದ್ದು ನಿಂತರು.

“ಇದು ನನ್ನ ಮಗಳ ಕೈರುಚಿ!” ಎಂದರು. “ಓಂಕಾಳು ತಿಕ್ಕಿ ಹಾಕ್ಯಾಳೆ ನೋಡ್ರಿ, ಸಾವಿರ ಮಂದಿ ನಡುವೆ ಇದ್ರೂ ಗುರ್ತು ಹಿಡೀತೀನಿ. ಬೀಗರೆ, ಎಲ್ಲದೀರಿ? ಕಮಾಂಡರ್ ಅಂತ ಹಾರ ಹಾಕ್ಸಿಕೊಂಡೋರು ನೀವು. ಇಷ್ಟು ಮಂದೀನ ಸುಮ್ಮನಾಗಿಸಿದ್ದು ನನ್ನ ಮಗಳು!”

“ಹೌದು ಅನ್ನವ್ವ” ಎಂದು ಮಾವ ನನ್ನ ಸೆರಗು ಜಗ್ಗಿದರು. ಅವರ ಕೈಯಿಂದ ಈರುಳ್ಳಿ ವಾಸನೆ ಬರುತ್ತಿತ್ತು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

“ಅಪ್ಪಾಜಿ, ಸುಮ್ಮನಿರ್ರಿ! ಕಲಸಿದ್ದು ನಾನಲ್ಲ. ಮಾವ.”

“ಮತ್ತೆ ಓಂಕಾಳು?”

“ಅದು ಅವರದೇ.”

“ನೀನು ಮಾಡೋ ಬ್ಯಾಳಿ ಸಾರು?”

“ಮಾವ ಮಾಡಿದ್ದು.”

“ಹೋಳಿಗಿ?”

“ಮಾವ.”

“ನನಗೆ ಅಂತ ಮೆತ್ತಗೆ ಮಾಡೋ ರೊಟ್ಟಿ?”

“ಅದೂ ಮಾವ.”

“ಹಂಗಾದ್ರೆ ನೀನೇನು ಮಾಡ್ತಿದ್ದೆ?”

“ಬಡಿಸ್ತಿದ್ದೆ.”

ಜನ ನಗಲಿಲ್ಲ. ಮಂಡಕ್ಕಿ ಅಗಿಯುವುದನ್ನೂ ನಿಲ್ಲಿಸಿ ಕಾದರು. ಮಾವ ನಿಧಾನವಾಗಿ ಎದ್ದರು, ಮೊಣಕಾಲು ಲಟಕ್ಕೆಂದದ್ದು ಕೇಳಿಸಿತು.

“ಬೀಗರೆ, ನಾನು ಬಂದೂಕು ಹಿಡಿದೋನಲ್ಲ. ಲಂಗರಿನಾಗೆ ಅಡಿಗಿ ಮಾಡ್ತಿದ್ದೆ. ಅವತ್ತು ನಿಶ್ಚಿತಾರ್ಥದಾಗೆ ನೀವು ಅತ್ತುಬಿಟ್ರಿ, ನನಗೆ ಹೇಳಾಕೆ ಬಾಯಿ ಬರಲಿಲ್ಲ. ಆಮ್ಯಾಲೆ ಹೆದರಿಕಿ ಆತು. ತಪ್ಪು ತಿಳ್ಕಾಬ್ಯಾಡ್ರಿ.”

“ಇದೇನು ದೊಡ್ಡ ಗುಟ್ಟು ಅನ್ನಂಗೆ ಹೇಳ್ತೀರಲ್ರಿ!” ಎಂದು ಕತ್ತಲಿನಿಂದ ಅಧ್ಯಕ್ಷರ ಹೆಂಡತಿಯ ದನಿ ಬಂತು. “ನಿಮ್ಮ ಅಡಿಗಿಮನಿ ಕಿಟಕಿ ನಮ್ಮ ಹಿತ್ತಲಿಗೇ ಐತಲ್ರಿ. ಲೇಔಟಿಗೆಲ್ಲಾ ಗೊತ್ತೈತಿ. ನಿಮಗೆ ಬ್ಯಾಸರ ಆಗ್ಬಾರ್ದು ಅಂತ ಯಾರೂ ಅಂದಿಲ್ಲ.” ಅಜ್ಜಿಯೂ, ಅಧ್ಯಕ್ಷರೂ, ಮೈಕಿನವನೂ 'ಹೌದೌದು' ಎಂದರು. ಮೈಕಿನವನಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ.

ಗೊತ್ತಿಲ್ಲದೆ ಇದ್ದವರು ಅಪ್ಪಾಜಿ ಒಬ್ಬರೇ. ಅವರು ಮತ್ತೆ ಕುರ್ಚಿಯಲ್ಲಿ ಕೂತ ಸದ್ದಾಯಿತು. ಎರಡೂರಿನ ನಡುವಿನ ಭಾನುವಾರಗಳೆಲ್ಲ ಇಲ್ಲಿಗೆ ಮುಗಿದವು ಎಂದುಕೊಂಡೆ. ಮಾವ ನಿಂತೇ ಇದ್ದರು.

“ಇವಳವ್ವ ಹೋದ ಮ್ಯಾಲೆ” ಎಂದರು ಅಪ್ಪಾಜಿ. “ನನಗೆ ಅನ್ನ ರುಚಿಸ್ತಿರ್ಲಿಲ್ಲ. ಈ ಮನ್ಯಾಗೆ ಮಾತ್ರ ಗಂಟಲಿಗೆ ಇಳೀತಿತ್ತು. ಇಷ್ಟು ವರ್ಷ ನನಗೆ ಉಣ್ಣಾಕೆ ಹಾಕಿದ್ದು ನೀವೇನ್ರಿ, ಬೀಗರೆ?”

“ಹೂಂ” ಎಂದರು ಮಾವ.

“ಇನ್ನೊಂದೀಟು ಹಾಕ್ರಿ” ಎಂದು ಅಪ್ಪಾಜಿ ಪೇಪರು ಚಾಚಿದರು. ಕತ್ತಲಲ್ಲಿ ಅವರು ಚಾಚಿದ್ದು ಲೈಟಿನ ಕಂಬದ ಕಡೆಗೆ. ಮಾವ ತಡಕಾಡಿ ಅವರ ಮಣಿಕಟ್ಟು ಹಿಡಿದು ತಮ್ಮ ಕಡೆ ತಿರುಗಿಸಿ, ಎರಡು ಹಿಡಿ ಹಾಕಿದರು. ನಾನು ಅಳುತ್ತಿದ್ದೆ. ಈರುಳ್ಳಿ ಎಂದು ಅತ್ತೆಗೆ ಹೇಳಿದೆ.

ಉಂಡಾಯಿತಲ್ಲ, ಹೋಗ್ರಿ ಎಂದು ಮಾವ ಜನರನ್ನು ಕಳಿಸಿದರು. ಕೀಲಿ ಮರುದಿನ ಬೆಳಿಗ್ಗೆ ಹುಲ್ಲಿನಲ್ಲಿ ಸಿಕ್ಕಿತು, ಆದರೆ ಎರಡನೇ ಸೈರನ್ ಕೂಗಿಸುವುದು ಎಲ್ಲರಿಗೂ ಮರೆತುಹೋಯಿತು. ಹಾಗಾಗಿ ನಿಯಮದ ಪ್ರಕಾರ ನಮ್ಮ ಲೇಔಟಿನ ಮೇಲೆ ಇನ್ನೂ ದಾಳಿ ನಡೆಯುತ್ತಲೇ ಇದೆ. ಮುಂದಿನ ಸಭೆಯಲ್ಲಿ ದಿನಸಿಯ ಬಾಬ್ತು ಮೊದಲು, ಉಳಿದದ್ದು ಆಮೇಲೆ ಎಂದು ಎರಡೂ ಕಮಾಂಡು ಒಪ್ಪಿದವು. ಜೇಬಿಗೂ ಹಣ ಮಂಜೂರಾಯಿತು.

ಭಾನುವಾರ ಅಪ್ಪಾಜಿ ಇನ್ನೊಂದು ಕುಂಬಳಕಾಯಿ ತಂದರು. ಈ ಸಲ ಲೇಔಟಿನ ಬಾಯಲ್ಲಿ ತಾವೇ ಚೀಲ ಬಿಚ್ಚಿ ತೋರಿಸಿದರಂತೆ. ಪಡಸಾಲೆಯಲ್ಲಿ ಕೂರದೆ ಸೀದಾ ಅಡಿಗೆಮನೆಗೆ ಹೋಗಿ, ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತರು. ಮಾವನ ತಲೆಗೆ ಟವೆಲು ಸುತ್ತಿತ್ತು, ಬೆತ್ತ ಎಲ್ಲೋ ಮೂಲೆಯಲ್ಲಿತ್ತು.

“ಹೇಳ್ರಿ ಬೀಗರೆ, ಆ ಹಿಮದಾಗೆ ಹುಡ್ರಿಗೆ ಏನೇನು ಮಾಡಿ ಹಾಕ್ತಿದ್ರಿ?” ಎಂದರು ಅಪ್ಪಾಜಿ.

ಮಾವ ಕುಂಬಳಕಾಯಿಗೆ ಚೂರಿ ಹಾಕಿ, ಹೇಳಲು ಶುರು ಮಾಡಿದರು. ಸಹಾಯ ಮಾಡೋಣವೆಂದು ನಾನು ಸೌಟಿಗೆ ಕೈ ಹಾಕಿದೆ. ಅಪ್ಪಾಜಿ ತಿರುಗಿಯೂ ನೋಡದೆ ನನ್ನನ್ನು ಆಚೆ ಸರಿಸಿದರು.

“ನೀನು ಆಮ್ಯಾಲೆ ಬಾರವ್ವ, ಬಡಿಸಾಕೆ. ಅದು ನಿನಗೆ ಚೆನ್ನಾಗಿ ಬರ್ತೈತಿ.”